ಡಿಸ್ಚಾರ್ಜ್ ಬುಕ್‌ನಲ್ಲಿ ತಪ್ಪಿದೆ, ಸಾಹೇಬರೇ

ಮಾಜಿ ಸೈನಿಕರ ಪ್ರಶ್ನೋತ್ತರ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ‘ಪೆನ್ಷನ್ ಎಷ್ಟು ಏರುತ್ತದೆ’ ಎನ್ನುವವನ್ನು ಬದಿಗಿಟ್ಟರೆ, ಉಳಿದವು ಹೆಚ್ಚಾಗಿ ದಾಖಲೆಯ ತಪ್ಪಿನ ಬಗ್ಗೆಯೇ. ಹೆಸರಿನಲ್ಲಿ ಒಂದಕ್ಷರ ಹೆಚ್ಚು, ಹುಟ್ಟಿದ ತಿಂಗಳು ಬೇರೆ, ಸರ್ವೀಸಿನಲ್ಲಿ ಒಂದು ವರ್ಷ ಕಡಿಮೆ, ಮಗಳ ಹೆಸರೇ ಇಲ್ಲ. ಈ ಸಲದ ಪುಟಗಳನ್ನು ಅವುಗಳಿಗೇ ಬಿಟ್ಟುಕೊಟ್ಟಿದ್ದೇನೆ. ನಾನು ಸೈನ್ಯದಲ್ಲಿ ರೈಫಲ್‌ಗಿಂತ ಹೆಚ್ಚು ಪೆನ್ನು ಹಿಡಿದವನು. ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನ ಮೇಜಿನ ಆ ಬದಿಯಲ್ಲಿ ಕೂತು ಇಂಥ ಅರ್ಜಿಗಳ ಕಟ್ಟು ಬಿಚ್ಚಿದವನು. ಹಾಗಾಗಿ ನಿಮ್ಮ ಕಾಗದ ಅಲ್ಲಿ ಯಾವ ಕಾರಣಕ್ಕೆ ಮುಂದಕ್ಕೆ ಹೋಗದೆ ಕೂರುತ್ತದೆ ಎಂಬುದನ್ನು ಒಳಗಿನಿಂದಲೇ ಹೇಳಬಲ್ಲೆ.

ಪ್ರಶ್ನೆ: ನಮ್ಮ ತಂದೆ ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ಹವಾಲ್ದಾರರಾಗಿ ನಿವೃತ್ತರಾದವರು. ಅವರ ಪಿಪಿಒದಲ್ಲಿ (ಪೆನ್ಷನ್ ಪಾವತಿ ಆದೇಶ) ಅವ್ವನ ಹೆಸರು ಲಕ್ಷ್ಮೀಬಾಯಿ, ಹುಟ್ಟಿದ ದಿನ 1-7-1952. ಆಧಾರ್, ಬ್ಯಾಂಕು, ರೇಷನ್ ಕಾರ್ಡು ಎಲ್ಲದರಲ್ಲೂ ಲಕ್ಕವ್ವ. ಆಧಾರ್‌ನಲ್ಲಿ ಹುಟ್ಟಿದ ದಿನ 1-1-1949. ತಂದೆಗೆ ಈಗ ಆರೋಗ್ಯ ನೆಟ್ಟಗಿಲ್ಲ. ಮುಂದೆ ಅವ್ವನಿಗೆ ಫ್ಯಾಮಿಲಿ ಪೆನ್ಷನ್ ಸಿಗಲು ತೊಂದರೆ ಆದೀತೇ? ಸರಿ ಮಾಡಿಸಬೇಕಾದ್ದು ಆಧಾರನ್ನೋ, ಸೈನ್ಯದ ದಾಖಲೆಯನ್ನೋ? ಊರಲ್ಲಿ ಒಬ್ಬ ಏಜೆಂಟರು ‘ಎರಡೂ ಮಾಡಿಕೊಡುತ್ತೇನೆ, ಖರ್ಚು ಕೊಡಿ’ ಎನ್ನುತ್ತಿದ್ದಾರೆ.
— ರಾಮದುರ್ಗ ತಾಲ್ಲೂಕಿನ ಓದುಗರು

ಉತ್ತರ: ತೊಂದರೆ ಆಗುತ್ತದೆ. ಆದರೆ ತಂದೆಯವರು ಇರುವಾಗಲೇ ಕೇಳಿದ್ದೀರಿ, ಅದು ದೊಡ್ಡ ಪುಣ್ಯ. ‘ಇವಳೇ ನನ್ನ ಹೆಂಡತಿ, ಎರಡೂ ಇವಳದೇ ಹೆಸರು’ ಎಂದು ಪೆನ್ಷನ್‌ದಾರ ತಾನೇ ಬರೆದು ಸಹಿ ಹಾಕಿದ ಕಾಗದಕ್ಕೆ ಇರುವ ತೂಕ ಬೇರೆ ಯಾವುದಕ್ಕೂ ಇಲ್ಲ. ಅವರು ಹೋದ ಮೇಲೆ ಅದೇ ಮಾತನ್ನು ನಿಮ್ಮ ಅವ್ವ ನಾಡಕಚೇರಿಯ ವಂಶವೃಕ್ಷ, ಮರಣ ಪ್ರಮಾಣಪತ್ರ, ಅಫಿಡವಿಟ್ಟುಗಳ ಮೂಲಕ ಸಾಬೀತು ಮಾಡುತ್ತಾ ಕೂರಬೇಕಾಗುತ್ತದೆ. ಆ ಹೊತ್ತಿಗೆ ಮನೆಗೆ ಬರುತ್ತಿದ್ದ ಪೆನ್ಷನ್ನೂ ನಿಂತಿರುತ್ತದೆ.

ಈ ತಪ್ಪು ಹೇಗೆ ಹುಟ್ಟಿತು ಎಂದು ಮೊದಲು ನೋಡೋಣ, ಏಕೆಂದರೆ ಸರಿ ಮಾಡುವ ದಾರಿ ಅದರಲ್ಲೇ ಇದೆ. ನಿಮ್ಮ ತಂದೆ ಮದುವೆಯಾಗಿ, ರಜೆ ಮುಗಿಸಿ ಪಲ್ಟನ್‌ಗೆ ಮರಳಿದಾಗ ಕಂಪನಿ ಆಫೀಸಿನಲ್ಲಿ ಹೆಂಡತಿಯ ಹೆಸರು ಹೇಳಿರುತ್ತಾರೆ. ಕ್ಲರ್ಕ್ ಮಹಾರಾಷ್ಟ್ರದವನೋ ಉತ್ತರದವನೋ ಇದ್ದಾನು. ಅವನ ಕಿವಿಗೆ ‘ಅವ್ವ’ ಹೊಸದು, ‘ಬಾಯಿ’ ಹಳೆಯದು. ಅವನು ಬರೆದದ್ದು ಪಾರ್ಟ್ ಟೂ ಆರ್ಡರ್ (ಮದುವೆ, ಮಕ್ಕಳು ಇಂಥ ವಿವರ ದಾಖಲಿಸುವ ಯೂನಿಟ್ ಆದೇಶ) ಆಗಿ ಪ್ರಕಟವಾಯಿತು. ಅಲ್ಲಿಂದ ರೆಕಾರ್ಡ್ ಆಫೀಸಿನ ಸರ್ವೀಸ್ ದಾಖಲೆಯಾದ ಶೀಟ್ ರೋಲ್‌ಗೆ, ಶೀಟ್ ರೋಲ್‌ನಿಂದ ಸೈನ್ಯ ಬಿಡುವಾಗ ಕೈಗೆ ಕೊಡುವ ಡಿಸ್ಚಾರ್ಜ್ ಬುಕ್‌ಗೆ, ಪಿಪಿಒಗೆ, ಈಗ ಸೈನ್ಯದ ಪೆನ್ಷನ್ನಿನ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್ ಪೋರ್ಟಲ್‌ಗೆ. ಹುಟ್ಟಿದ್ದು ಒಂದು ಕಡೆ, ನಿಮಗೆ ಕಾಣುತ್ತಿರುವುದು ನಾಲ್ಕು ಕಡೆ. ನಮ್ಮ ಜನ ಕಂಡಲ್ಲಿ ತೇಪೆ ಹಚ್ಚಲು ಹೋಗುತ್ತಾರೆ. ಬ್ಯಾಂಕಿಗೆ ಅರ್ಜಿ, ಸೈಬರ್ ಸೆಂಟರ್‌ನಲ್ಲಿ ಸ್ಪರ್ಶ್‌ಗೆ ದೂರು, ಮತ್ತೆ ಬ್ಯಾಂಕು. ಬ್ಯಾಂಕಿನವರಿಗೆ ಪಿಪಿಒದಲ್ಲಿರುವ ಹೆಸರು ತಿದ್ದುವ ಅಧಿಕಾರವೇ ಇಲ್ಲ. ಸ್ಪರ್ಶ್‌ನಲ್ಲಿ ವಿಳಾಸ, ಮೊಬೈಲು, ಬ್ಯಾಂಕ್ ಖಾತೆ ಇಂಥವನ್ನು ಪೆನ್ಷನ್‌ದಾರರೇ ಬದಲಿಸಬಹುದು. ಸರ್ವೀಸಿನ ವಿವರ, ಹೆಂಡತಿ ಮಕ್ಕಳ ಹೆಸರು ಎಂದರೆ ಅದು ರೆಕಾರ್ಡ್ ಆಫೀಸಿನ ಒಪ್ಪಿಗೆ ಇಲ್ಲದೆ ಕದಲುವುದಿಲ್ಲ. ಮರಾಠಾ ಎಲ್‌ಐ ರೆಕಾರ್ಡ್ಸ್ ಬೆಳಗಾವಿಯಲ್ಲೇ ಇದೆ, ನಿಮ್ಮ ಮಟ್ಟಿಗೆ ಅದೊಂದು ಅನುಕೂಲ.

ಇನ್ನು ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹೆಸರಿಗೆ ಸೈನ್ಯದ ದಾಖಲೆ ತಿದ್ದಿಸಿ, ಹುಟ್ಟಿದ ದಿನಕ್ಕೆ ಸೈನ್ಯದ ದಾಖಲೆಯನ್ನು ಮುಟ್ಟಬೇಡಿ.

ಹೆಸರು ಯಾಕೆಂದರೆ, ಲಕ್ಕವ್ವ ಎಂಬುದೇ ಅವರ ನಿಜವಾದ ಹೆಸರು, ಉಳಿದೆಲ್ಲ ಕಡೆ ಅದೇ ಇದೆ. ಹುಟ್ಟಿದ ದಿನದ ಕಥೆ ಬೇರೆ. ನಮ್ಮ ಸೀಮೆಯಲ್ಲಿ ಹಳೆಯ ತಲೆಮಾರಿನವರಿಗೆ ಮೂರು ‘ಹುಟ್ಟುಹಬ್ಬ’ಗಳಿವೆ. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದದ್ದು ಜೂನ್ 1. ಸರ್ಕಾರಿ ದಾಖಲೆಯಲ್ಲಿ ವರ್ಷ ಮಾತ್ರ ಗೊತ್ತಿದ್ದರೆ ಹಿಡಿಯುವುದು ಜುಲೈ 1. ತಿಂಗಳೂ ಗೊತ್ತಿದ್ದರೆ ಆ ತಿಂಗಳ 16. ಆಧಾರ್ ನೋಂದಣಿಯಲ್ಲಿ ಬಾಯಿಮಾತಿನ ವಯಸ್ಸು ಹೇಳಿದವರಿಗೆ ಬಿದ್ದದ್ದು ಜನವರಿ 1. ನಿಮ್ಮ ಅವ್ವನ 1-7 ಮತ್ತು 1-1 ನೋಡಿದ ಕೂಡಲೇ ಗೊತ್ತಾಗುತ್ತದೆ, ಎರಡೂ ಅಂದಾಜಿನ ದಿನಗಳು, ಅವರು ನಿಜವಾಗಿ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ಹೀಗೆ ಅಂದಾಜಿಗೆ ಎದುರು ಅಂದಾಜು ನಿಂತಾಗ ಆಫೀಸು ಹಳೆಯದನ್ನೇ ಹಿಡಿಯುತ್ತದೆ. ಆಧಾರ್ ಕಾರ್ಡು ಹುಟ್ಟಿದ ದಿನಕ್ಕೆ ಪುರಾವೆಯಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.

ಇಲ್ಲೊಂದು ಆಸೆಯ ವಿಷಯವಿದೆ, ಏಜೆಂಟರು ಅದನ್ನೇ ತೋರಿಸಿರಲಿಕ್ಕೂ ಸಾಕು. ಪೆನ್ಷನ್ ಆಗಲಿ ಫ್ಯಾಮಿಲಿ ಪೆನ್ಷನ್ ಆಗಲಿ, 80 ವರ್ಷಕ್ಕೆ ಶೇ 20 ಹೆಚ್ಚು ಬರುತ್ತದೆ. 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, ನೂರಕ್ಕೆ ಪೂರ್ತಿ ಇಮ್ಮಡಿ. ಆಧಾರ್ ಪ್ರಕಾರ ನಿಮ್ಮ ಅವ್ವನಿಗೆ 80 ತುಂಬುವುದು 2029ರಲ್ಲಿ, ಸೈನ್ಯದ ದಾಖಲೆಯ ಪ್ರಕಾರ 2032ರಲ್ಲಿ. ಮೂರೂವರೆ ವರ್ಷದ ಶೇ 20 ಎಂದರೆ ಕಡಿಮೆ ಹಣವಲ್ಲ, ಒಪ್ಪುತ್ತೇನೆ. ಆದರೆ 1949 ಎನ್ನಲು ನಿಮ್ಮ ಕೈಯಲ್ಲಿ ಆಧಾರ್ ಬಿಟ್ಟು ಏನಿದೆ? ಏನೂ ಇಲ್ಲದೆ ಹೆಸರಿನ ಜೊತೆ ಇದನ್ನೂ ಕೇಳಿದರೆ, ಸಲೀಸಾಗಿ ಆಗಬಹುದಾಗಿದ್ದ ಹೆಸರಿನ ಕೆಲಸವೂ ‘ವಿವರಣೆ ಕೊಡಿ’ ಎಂಬ ಷರಾದೊಂದಿಗೆ ವಾಪಸು ಬರುತ್ತದೆ. ಒಂದು ಅರ್ಜಿಯಲ್ಲಿ ಎರಡು ಬೇಡಿಕೆ ಇಟ್ಟು ಎರಡನ್ನೂ ಕಳೆದುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ಕೆಲಸದ ಮಾತು. ತಂದೆಯವರ ಹೆಸರಿನಲ್ಲಿ, ಅವರದೇ ಸಹಿಯಿಂದ, ರೆಕಾರ್ಡ್ಸ್‌ನ ಮುಖ್ಯ ಅಧಿಕಾರಿಗೆ ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಒಂದೇ ಪುಟದ ಅರ್ಜಿ. ಮೇಲ್ಗಡೆ ಸರ್ವೀಸ್ ನಂಬರ್, ರ‍್ಯಾಂಕ್, ಹೆಸರು, ಪಿಪಿಒ ನಂಬರ್. ನಡುವೆ ಎರಡೇ ಸಾಲು: ದಾಖಲೆಯಲ್ಲಿ ಈಗ ಹೀಗಿದೆ, ಹೀಗೆ ಇರಬೇಕು. ನೀವು ಎಷ್ಟು ವರ್ಷ ದೇಶಸೇವೆ ಮಾಡಿದಿರಿ, ಎಷ್ಟು ಕಷ್ಟದಲ್ಲಿದ್ದೀರಿ ಎಂಬುದು ಆ ಪುಟದಲ್ಲಿ ಬೇಡ. ಓದುವ ಕ್ಲರ್ಕ್ ಹುಡುಕುವುದು ಸರ್ವೀಸ್ ನಂಬರನ್ನು. ಜೊತೆಗೆ ಡಿಸ್ಚಾರ್ಜ್ ಬುಕ್‌ನ ಸಂಬಂಧಪಟ್ಟ ಪುಟಗಳು, ಪಿಪಿಒ, ಇಬ್ಬರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಇವುಗಳ ದೃಢೀಕೃತ ಪ್ರತಿ, ಜೋಡಿ ಫೋಟೋ, ಮತ್ತು ‘ಲಕ್ಷ್ಮೀಬಾಯಿ, ಲಕ್ಕವ್ವ ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್. ಅಫಿಡವಿಟ್ಟಿಗೆ ನೋಟರಿ ಸಾಕೋ ಮ್ಯಾಜಿಸ್ಟ್ರೇಟರ ಮುಂದೆಯೇ ಆಗಬೇಕೋ ಎಂಬುದರಲ್ಲಿ ಒಂದೊಂದು ರೆಕಾರ್ಡ್ ಆಫೀಸಿನದು ಒಂದೊಂದು ಪದ್ಧತಿ. ಬೆಳಗಾವಿಯ ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ, ನಮೂನೆಯನ್ನೂ ಕೊಡುತ್ತಾರೆ.

ಅಫಿಡವಿಟ್ ಬಗ್ಗೆ ಇನ್ನೊಂದು ಮಾತು. ತಾಲ್ಲೂಕು ಕೋರ್ಟಿನ ಎದುರು ಕೂತ ಟೈಪಿಸ್ಟರ ಕಂಪ್ಯೂಟರಿನಲ್ಲಿ ನಮೂನೆ ಮೊದಲೇ ಇರುತ್ತದೆ. ಅವರು ಹಿಂದಿನ ಗಿರಾಕಿಯ ಹೆಸರು ಅಳಿಸಿ ನಿಮ್ಮದನ್ನು ಕುಟ್ಟುತ್ತಾರೆ. ಲಕ್ಕವ್ವ ಎಂದು ಇಂಗ್ಲಿಷ್‌ನಲ್ಲಿ ಬರೆಯುವಾಗ ಆಧಾರ್‌ನಲ್ಲಿ ಎರಡು ‘ಕೆ’ ಇದ್ದು ಇವರು ಒಂದೇ ‘ಕೆ’ ಹಾಕಿದರೆ, ನಿಮ್ಮ ಕೈಗೆ ಬಂದದ್ದು ಮೂರನೆಯ ಹೆಸರು. ಎರಡು ಹೆಸರಿನ ಗೊಂದಲ ಬಿಡಿಸಲು ಕಳಿಸಿದ ಕಾಗದದಲ್ಲಿ ಮೂರನೆಯ ಹೆಸರು ಕಂಡರೆ ಆ ಫೈಲು ಅಲ್ಲೇ ನಿಲ್ಲುತ್ತದೆ. ಛಾಪಾ ಕಾಗದಕ್ಕೆ ಪ್ರಿಂಟ್ ಹಾಕುವ ಮುನ್ನ ಬಿಳಿ ಹಾಳೆಯಲ್ಲಿ ಒಂದು ಪ್ರತಿ ತೆಗೆಸಿ, ಆಧಾರನ್ನೂ ಪಿಪಿಒವನ್ನೂ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಬೆರಳಿಟ್ಟು ಓದಿ. ಟೈಪಿಸ್ಟರು ಗೊಣಗಲಿ ಬಿಡಿ.

ರೆಕಾರ್ಡ್ಸ್‌ನವರು ಒಪ್ಪಿ ತಮ್ಮ ದಾಖಲೆ ತಿದ್ದಿದ ಮೇಲೆ ಸೈನ್ಯದ ಪೆನ್ಷನ್ ಮಂಜೂರು ಮಾಡುವ ಪ್ರಯಾಗ್‌ರಾಜ್‌ನ ಪಿಸಿಡಿಎ ಪೆನ್ಷನ್ಸ್ ಕಚೇರಿಗೆ ಬರೆಯುತ್ತಾರೆ, ಅಲ್ಲಿಂದ ಕಾರಿಜೆಂಡಮ್ ಪಿಪಿಒ, ಅಂದರೆ ತಿದ್ದುಪಡಿಯ ಪಿಪಿಒ, ಹೊರಡುತ್ತದೆ. ಅದು ಬರುವ ತನಕ ಕೆಲಸ ಆಯಿತು ಎಂದುಕೊಳ್ಳಬೇಡಿ. ಬಂದ ಮೇಲೆ ಜಿಲ್ಲಾ ಕಚೇರಿಯ ಗುರುತಿನ ಚೀಟಿ, ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡುಗಳಲ್ಲೂ ಹೆಸರು ಬದಲಿಸಿಕೊಳ್ಳಿ. ಆಮೇಲೆ, ಆ ಸರ್ಕಾರಿ ದಾಖಲೆಗಳನ್ನು ಒಯ್ದು, ಹುಟ್ಟಿದ ದಿನಕ್ಕೆ ಯಾವುದನ್ನು ಒಪ್ಪುತ್ತಾರೆಂದು ಆಧಾರ್ ಕೇಂದ್ರದಲ್ಲಿ ವಿಚಾರಿಸಿ ಅಲ್ಲಿ 1952 ಮಾಡಿಸಿ. ಆಧಾರ್‌ನಲ್ಲಿ ಹುಟ್ಟಿದ ದಿನ ಬದಲಿಸಲು ಒಂದೇ ಒಂದು ಅವಕಾಶ, ಹೆಸರಿಗೆ ಎರಡು. ಅದಕ್ಕೇ ಅದನ್ನು ಕೊನೆಗೆ ಇಟ್ಟುಕೊಳ್ಳಿ ಎನ್ನುತ್ತಿರುವುದು.

ಏಜೆಂಟರಿಗೆ ಕೊಡುವ ದುಡ್ಡಿನಲ್ಲಿ ತಂದೆಯವರಿಗೆ ಒಳ್ಳೆಯ ಡಾಕ್ಟರನ್ನು ತೋರಿಸಿ. ಜಿಲ್ಲಾ ಸೈನಿಕ ಕಚೇರಿಯಲ್ಲಿ ಈ ಕೆಲಸಕ್ಕೆ ಯಾರೂ ಶುಲ್ಕ ಕೇಳುವುದಿಲ್ಲ. ಹೋಗಲಿ, ಸ್ಪರ್ಶ್‌ನ ಪಾಸ್‌ವರ್ಡ್ ಏನಾದರೂ ಆ ಏಜೆಂಟರ ಕೈಗೆ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಇವತ್ತೇ ಬದಲಿಸಿ.

ಪ್ರಶ್ನೆ: ನಾನು ಮದ್ರಾಸ್ ಎಂಜಿನಿಯರ್ ಗ್ರೂಪ್‌ನಿಂದ ನಾಯಕ್ ಆಗಿ ಬಂದವನು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಾನು ಹುಟ್ಟಿದ್ದು 12-3-1966. ಡಿಸ್ಚಾರ್ಜ್ ಬುಕ್‌ನಲ್ಲಿ 12-8-1966. ಇಷ್ಟು ವರ್ಷದ ಮೇಲೆ ಸರಿಪಡಿಸಬಹುದೇ? ಹುಟ್ಟಿದ ದಿನ ಬದಲಾಗುವುದೇ ಇಲ್ಲ ಎಂದು ಸ್ನೇಹಿತರು ಹೆದರಿಸುತ್ತಾರೆ.
— ಅರಸೀಕೆರೆ

ಉತ್ತರ: ಸ್ನೇಹಿತರು ಹೇಳಿದ್ದು ಮುಕ್ಕಾಲು ಪಾಲು ನಿಜ. ಭರ್ತಿಯಾಗುವಾಗ ನೀವೇ ಹೇಳಿ ಸಹಿ ಹಾಕಿದ ದಿನಾಂಕವನ್ನು ಆಮೇಲೆ ಬದಲಿಸಿಕೊಡಿ ಎಂದರೆ ಸರ್ಕಾರ ಒಪ್ಪುವುದಿಲ್ಲ, ಕೋರ್ಟುಗಳೂ ಒಪ್ಪುವುದಿಲ್ಲ. 1993ರ ಹರ್ನಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವರ್ಷಗಟ್ಟಲೆ ಸುಮ್ಮನಿದ್ದು ಸೇವೆಯ ಕೊನೆಗೆ ಹುಟ್ಟಿದ ದಿನ ತಿದ್ದಿಸಲು ಬರುವವರಿಗೆ ಬಾಗಿಲು ಹಾಕಿದೆ. ಆತ ಸೈನಿಕರಲ್ಲ, ಕೇಂದ್ರ ಸರ್ಕಾರದ ಸಿವಿಲಿಯನ್ ನೌಕರ; ಆದರೂ ಆ ತೀರ್ಪಿನ ಮಾತು ಎಲ್ಲ ಕಡೆ ಓಡುತ್ತದೆ.

ಉಳಿದ ಕಾಲು ಪಾಲಿನಲ್ಲಿ ನೀವಿರಬಹುದು. ನಿಮ್ಮದು ಮಾರ್ಚ್ ಮತ್ತು ಆಗಸ್ಟ್, ಅಂದರೆ 3 ಮತ್ತು 8. ಅವಸರದಲ್ಲಿ ಬರೆದ ಇಂಗ್ಲಿಷ್ 3ರ ಎಡಬದಿ ಸ್ವಲ್ಪ ಮುಚ್ಚಿಕೊಂಡರೆ ಅದು 8. ಇಂಕು ಹರಡುವ ಆ ಕಾಲದ ಕಾಗದದ ಮೇಲೆ ನಾನೇ ಭೂತಗನ್ನಡಿ ಹಿಡಿದು ನೋಡಿದ 3ಗಳಿವೆ. ಎನ್ರೋಲ್‌ಮೆಂಟ್ ಫಾರ್ಮ್‌ನಲ್ಲಿ 3 ಇದ್ದು, ಅದನ್ನು ನೋಡಿ ಬರೆದುಕೊಂಡವರು ಮುಂದಿನ ದಾಖಲೆಯಲ್ಲಿ 8 ಮಾಡಿದ್ದರೆ, ಅದು ನಕಲು ಮಾಡುವವನ ಕೈತಪ್ಪು. ಅದನ್ನು ತಿದ್ದಲೇಬೇಕು, ಎಷ್ಟು ವರ್ಷವಾದರೂ ಸರಿ. ಎನ್ರೋಲ್‌ಮೆಂಟ್ ಫಾರ್ಮ್‌ನಲ್ಲೇ 8 ಇದ್ದು ಕೆಳಗೆ ನಿಮ್ಮ ಸಹಿಯಿದ್ದರೆ ಮಾತ್ರ ಕೈಬಿಡಿ.

ಆದ್ದರಿಂದ ತಿದ್ದುಪಡಿಯ ಅರ್ಜಿ ಈಗ ಬೇಡ. ಮೊದಲು ಮಾಹಿತಿ ಹಕ್ಕಿನಲ್ಲಿ ಬೆಂಗಳೂರಿನ ಎಂಇಜಿ ರೆಕಾರ್ಡ್ಸ್‌ನ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ: ನನ್ನ ಎನ್ರೋಲ್‌ಮೆಂಟ್ ಫಾರ್ಮ್, ಅದರ ಜೊತೆಗಿಟ್ಟ ಶಾಲಾ ಪ್ರಮಾಣಪತ್ರ, ಶೀಟ್ ರೋಲ್ ಇವುಗಳ ದೃಢೀಕೃತ ಪ್ರತಿ ಕೊಡಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ‘ಯಾಕೆ ತಪ್ಪು ಬರೆದಿರಿ’ ಎಂದು ಕೇಳಬೇಡಿ. ಮಾಹಿತಿ ಹಕ್ಕಿನಲ್ಲಿ ಕಾಗದ ಸಿಗುತ್ತದೆ, ಜಗಳಕ್ಕೆ ಉತ್ತರ ಸಿಗುವುದಿಲ್ಲ. ಆ ಪ್ರತಿ ಕೈಗೆ ಬಂದ ಮೇಲೆ ನಿಮ್ಮ ಅರ್ಜಿ ತಾನೇ ತಾನಾಗಿ ಬರೆದುಕೊಳ್ಳುತ್ತದೆ: ‘ನಿಮ್ಮದೇ ದಾಖಲೆಯ ಇಂಥ ಪುಟದಲ್ಲಿ ಹೀಗಿದೆ, ಇಂಥ ಪುಟದಲ್ಲಿ ಹೀಗಾಗಿದೆ.’ ಹೊರಗಿನ ಪುರಾವೆ ಹತ್ತು ತಂದರೂ ಅವರದೇ ಕಡತದ ಒಂದು ಪುಟಕ್ಕೆ ಸಮ ಬರುವುದಿಲ್ಲ.

ಪ್ರಶ್ನೆ: ಡಿಸ್ಚಾರ್ಜ್ ಬುಕ್‌ನಲ್ಲಿ ನನ್ನ ಸರ್ವೀಸ್ 17 ವರ್ಷ 3 ತಿಂಗಳು. ಪಿಪಿಒದಲ್ಲಿ 16 ವರ್ಷ 3 ತಿಂಗಳು. ಒಆರ್‌ಒಪಿ (ಸಮಾನ ಶ್ರೇಣಿಗೆ ಸಮಾನ ಪೆನ್ಷನ್) ಬಂದಾಗಲೂ ನನ್ನ ಜೊತೆಯವರಿಗಿಂತ ಕಡಿಮೆ ಬಂತು. ಇದು ಟೈಪಿಂಗ್ ತಪ್ಪೇ?
— ವಿರಾಜಪೇಟೆ

ಉತ್ತರ: ಇರಬಹುದು, ಆದರೆ ಅರ್ಜಿ ಬರೆಯುವ ಮುಂಚೆ ಒಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. ರಜೆ ಮುಗಿದ ಮೇಲೂ ಹುತ್ತರಿಯ ನೆಪದಲ್ಲಿ ಊರಲ್ಲೇ ಉಳಿದುಬಿಟ್ಟದ್ದು, ಶಿಕ್ಷೆಯಾಗಿ ಕ್ವಾರ್ಟರ್ ಗಾರ್ಡ್‌ನಲ್ಲಿ ಕಳೆದದ್ದು ಏನಾದರೂ ಉಂಟೇ? ಅಂಥ ದಿನಗಳು ಪೆನ್ಷನ್ ಲೆಕ್ಕಕ್ಕೆ ಬರುವುದಿಲ್ಲ. ಒಟ್ಟು ಸರ್ವೀಸ್ ಬೇರೆ, ಕ್ವಾಲಿಫೈಯಿಂಗ್ ಸರ್ವೀಸ್ ಬೇರೆ. ಡಿಸ್ಚಾರ್ಜ್ ಬುಕ್‌ನಲ್ಲಿರುವುದು ಮೊದಲನೆಯದಾಗಿದ್ದು ಪಿಪಿಒದಲ್ಲಿರುವುದು ಎರಡನೆಯದಾಗಿದ್ದರೆ ಅದು ತಪ್ಪೇ ಅಲ್ಲ. ಹಾಗಂತ, ಸರಿಯಾಗಿ ಒಂದು ವರ್ಷ ಕಡಿಮೆ, ತಿಂಗಳು ಮಾತ್ರ ಹಾಗೇ ಇದೆ ಎಂದರೆ ನನಗೆ ಅನುಮಾನ ಬರುವುದು ಟೈಪ್ ಮಾಡಿದವನ ಮೇಲೆಯೇ. ಗೈರುಹಾಜರಿ ಹೀಗೆ ಗುಂಡುಗುಂಡಾಗಿ ಒಂದು ವರ್ಷಕ್ಕೆ ಬಂದು ನಿಲ್ಲುವುದು ಅಪರೂಪ.

ಭರ್ತಿಯಾದ ದಿನ, ಡಿಸ್ಚಾರ್ಜ್ ಆದ ದಿನ, ಲೆಕ್ಕಕ್ಕೆ ಬಾರದ ದಿನಗಳು, ಈ ಮೂರನ್ನೂ ಶೀಟ್ ರೋಲ್ ಪ್ರತಿಯಲ್ಲಿ ನೋಡಿ ನೀವೇ ಕಳೆದು ಕೂಡಿಸಿ. ಒಆರ್‌ಒಪಿ ಪಟ್ಟಿ ನೋಡುವುದು ರ‍್ಯಾಂಕ್, ಗ್ರೂಪ್ (ಟ್ರೇಡ್‌ಗೆ ತಕ್ಕ ಸಂಬಳದ ಗುಂಪು), ಕ್ವಾಲಿಫೈಯಿಂಗ್ ಸರ್ವೀಸ್ ಎಂಬ ಮೂರೇ ಸಂಗತಿಯನ್ನು. ಸರ್ವೀಸನ್ನು ಅರ್ಧ ವರ್ಷದ ಮೆಟ್ಟಿಲುಗಳಲ್ಲಿ ಎಣಿಸುತ್ತಾರೆ. ಮೂರು ತಿಂಗಳು ತುಂಬಿದರೆ ಅರ್ಧ ವರ್ಷ. ಹಾಗಾಗಿ ನೀವು ಇರಬೇಕಾದ್ದು ಹದಿನೇಳೂವರೆಯ ಸಾಲಿನಲ್ಲಿ, ಕೂತಿರುವುದು ಹದಿನಾರೂವರೆಯಲ್ಲಿ. 2014ರ ಜುಲೈ 1ರಿಂದ, ಆಮೇಲೆ 2019, 2024ರ ಪರಿಷ್ಕರಣೆಯಲ್ಲಿ, ಮೂರು ಸಲವೂ ಅದೇ ತಪ್ಪು ಸಾಲಿನಿಂದ ನಿಮ್ಮ ಪೆನ್ಷನ್ ಕಟ್ಟಿದ್ದಾರೆ. ಪಿಪಿಒದಲ್ಲಿ ಗ್ರೂಪ್ ಎಕ್ಸ್ ಇದೆಯೋ ವೈ ಇದೆಯೋ ಎಂದೂ ನೋಡಿಕೊಳ್ಳಿ. ಟೆಕ್ನಿಕಲ್ ಟ್ರೇಡ್‌ನವರಿಗೆ ಅಲ್ಲಿ ಒಂದಕ್ಷರ ತಪ್ಪಿದರೆ ಸರ್ವೀಸಿನ ಒಂದು ವರ್ಷಕ್ಕಿಂತ ದೊಡ್ಡ ಹೊಡೆತ ಬೀಳಬಹುದು.

ದಾರಿ ಮೇಲೆ ಹೇಳಿದ್ದೇ: ರೆಕಾರ್ಡ್ಸ್‌ಗೆ ಅರ್ಜಿ, ಅವರಿಂದ ಪ್ರಯಾಗ್‌ರಾಜ್‌ಗೆ, ಅಲ್ಲಿಂದ ಕಾರಿಜೆಂಡಮ್. ಉತ್ತರ ಬಾರದಿದ್ದರೆ ಕೇಂದ್ರ ಸರ್ಕಾರದ ದೂರು ಪೋರ್ಟಲ್ ಸಿಪಿಗ್ರಾಮ್ಸ್‌ನಲ್ಲಿ ದೂರು ಕೊಡಿ, ರಕ್ಷಾ ಪಿಂಚಣಿ ಅದಾಲತ್ ಹತ್ತಿರದಲ್ಲಿ ನಡೆದರೆ ಹೆಸರು ನೋಂದಾಯಿಸಿ. ಕೊನೆಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಕರ್ನಾಟಕ ಬರುವುದು ಕೊಚ್ಚಿ ಪೀಠದ ವ್ಯಾಪ್ತಿಗೆ. 2007ರ ಆ ಕಾಯ್ದೆಯ ಪ್ರಕಾರ ಮೊದಲು ಇಲಾಖೆಗೆ ಮನವಿ ಕೊಟ್ಟಿರಬೇಕು, ಆರು ತಿಂಗಳಾದರೂ ಉತ್ತರ ಬಾರದಿದ್ದರೆ ಮಂಡಳಿಗೆ ಹೋಗಬಹುದು. ಅಂಚೆ ರಸೀದಿಯನ್ನು ಎಸೆಯಬೇಡಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ, ಆ ಆರು ತಿಂಗಳು ಎಣಿಸುವುದು ಅದರಿಂದ. ತಡವನ್ನಂತೂ ಮಾಡಬೇಡಿ. ತಾರ್ಸೆಮ್ ಸಿಂಗ್ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟು, ಪೆನ್ಷನ್ ತಪ್ಪು ತಿಂಗಳು ತಿಂಗಳೂ ಮುಂದುವರಿಯುವ ತಪ್ಪು, ತಡವಾಗಿ ಬಂದರೂ ಕೇಳಬಹುದು ಎಂದಿತು. ಆದರೆ ಬಾಕಿ ಹಣವನ್ನು ಅರ್ಜಿ ಹಾಕುವುದಕ್ಕೆ ಹಿಂದಿನ ಮೂರು ವರ್ಷಕ್ಕೆ ಸೀಮಿತ ಮಾಡಿತು. ಕೋರ್ಟಿನ ದಾರಿಯಲ್ಲಿ, ನೀವು ಸುಮ್ಮನೆ ಕೂತ ಪ್ರತಿ ತಿಂಗಳೂ ಹಿಂದಿನ ಒಂದು ತಿಂಗಳ ಬಾಕಿ ಕೈಜಾರುತ್ತದೆ.

ಪ್ರಶ್ನೆ: ಮಗಳಿಗೆ ಈ ವರ್ಷ ಸಿಇಟಿ. ಮಾಜಿ ಸೈನಿಕರ ಮಕ್ಕಳ ಕೋಟಾ ಕೇಳೋಣವೆಂದರೆ ಡಿಸ್ಚಾರ್ಜ್ ಬುಕ್‌ನಲ್ಲಿ ಅವಳ ಹೆಸರು ‘ಪಿಂಕಿ’ ಎಂದಿದೆ! ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಯ ಹೆಸರಿದೆ. ನಗಬೇಡಿ, ನಮ್ಮ ಯಜಮಾನರೇ ಹೇಳಿ ಬರೆಸಿದ್ದಂತೆ.
— ಮಾಜಿ ಸೈನಿಕರ ಪತ್ನಿ, ಹಾವೇರಿ

ಉತ್ತರ: ನಕ್ಕೆ ತಾಯಿ, ಕ್ಷಮಿಸಿ. ನಿಮ್ಮ ಮನೆಯದು ಮೊದಲನೆಯ ಪಿಂಕಿಯಲ್ಲ. ನಾಮಕರಣಕ್ಕೆ ಮುಂಚೆಯೇ ಪಾರ್ಟ್ ಟೂ ಆರ್ಡರ್‌ಗೆ ಹೆಸರು ಬೇಕು ಎಂದು ಆಫೀಸಿನಲ್ಲಿ ಅವಸರ ಮಾಡುತ್ತಾರೆ, ಅಪ್ಪನಾದವನು ಫೋನಿನಲ್ಲಿ ಕೇಳಿದ ಮುದ್ದಿನ ಹೆಸರನ್ನೇ ಹೇಳಿಬಿಡುತ್ತಾನೆ. ಚಿಂಟು, ಬಬ್ಲೂ, ಪುಟ್ಟಿ ಎಲ್ಲರೂ ನಮ್ಮ ಕಡತಗಳಲ್ಲಿದ್ದರು.

ಎಸ್ಸೆಸ್ಸೆಲ್ಸಿಯನ್ನು ಮುಟ್ಟಬೇಡಿ. ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಯಜಮಾನರ ಅಫಿಡವಿಟ್ ಇಟ್ಟು ರೆಕಾರ್ಡ್ಸ್‌ಗೆ ಬರೆಯಿರಿ. ಜನನ ಪ್ರಮಾಣಪತ್ರದಲ್ಲಿರುವ ಹುಟ್ಟಿದ ದಿನವೂ ಪಾರ್ಟ್ ಟೂ ಆರ್ಡರ್‌ನ ದಿನವೂ ಒಂದೇ ಇದ್ದರೆ ಮಗು ಒಂದೇ ಎಂಬುದಕ್ಕೆ ಅದೇ ಗಟ್ಟಿ ಸಾಕ್ಷಿ. ಸಿಇಟಿ ದಾಖಲೆ ಪರಿಶೀಲನೆ ಯಾರಿಗೂ ಕಾಯುವುದಿಲ್ಲ, ಆದ್ದರಿಂದ ಅರ್ಜಿ ಹಾಕಿದ ದಿನವೇ ಜಿಲ್ಲಾ ಸೈನಿಕ ಕಚೇರಿಗೆ ಹೋಗಿ, ತಿದ್ದುಪಡಿಗೆ ಕೊಟ್ಟ ಅರ್ಜಿಯ ಪ್ರತಿ ತೋರಿಸಿ, ಸದ್ಯಕ್ಕೆ ಏನು ಪ್ರಮಾಣಪತ್ರ ಕೊಡಬಹುದೆಂದು ಕೇಳಿ. ಮುಂದೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನಕ್ಕೂ ಈ ಹೆಸರು ಬೇಕಾಗುತ್ತದೆ. ಚಿಕ್ಕ ಮಕ್ಕಳಿರುವ ಬೇರೆ ಓದುಗರು ಹತ್ತನೇ ಕ್ಲಾಸಿನ ಅಂಕಪಟ್ಟಿ ಬಂದ ವಾರವೇ ಈ ಕೆಲಸ ಮುಗಿಸಿಕೊಂಡರೆ ಒಳ್ಳೆಯದು. ಮೇ ತಿಂಗಳಲ್ಲಿ ಜಿಲ್ಲಾ ಕಚೇರಿಯ ವರಾಂಡದಲ್ಲಿ ಅಪ್ಪ ಮಗಳು ಪರಸ್ಪರ ಮುಖ ನೋಡದೆ ಕೂತಿರುವ ದೃಶ್ಯ ಪ್ರತಿವರ್ಷದ್ದು.

ಪ್ರಶ್ನೆ: ತೀರಿಕೊಂಡ ನಮ್ಮ ತಂದೆ 1971ರ ಯುದ್ಧದಲ್ಲಿ ಸಿಗ್ನಲ್ಸ್‌ನಲ್ಲಿದ್ದರು, ಪೂರ್ವ ಗಡಿಯಲ್ಲಿದ್ದೆ ಎನ್ನುತ್ತಿದ್ದರು. ಡಿಸ್ಚಾರ್ಜ್ ಬುಕ್‌ನಲ್ಲಿ ಸಂಗ್ರಾಮ್ ಮೆಡಲ್ ಮಾತ್ರ ಇದೆ, ಪೂರ್ವಿ ಸ್ಟಾರ್ ಇಲ್ಲ. ಅವರಿಗೆ ಪೆನ್ಷನ್ ಇರಲಿಲ್ಲ. ರೆಕಾರ್ಡ್ಸ್‌ನವರು ‘ದಾಖಲೆ ನಾಶವಾಗಿದೆ’ ಎಂದು ಬರೆದಿದ್ದಾರೆ. ನಂಬಬಹುದೇ?
— ಶಿರಸಿ

ಉತ್ತರ: ನಂಬಬಹುದು. ಪೆನ್ಷನ್ ಇಲ್ಲದೆ ಬಂದವರ ಸರ್ವೀಸ್ ಕಡತವನ್ನು 25 ವರ್ಷದ ನಂತರ ನಾಶ ಮಾಡುವುದು ನಿಯಮವೇ. ಆದರೆ ಲಾಂಗ್ ರೋಲ್ ಎಂಬ ದಪ್ಪ ರಿಜಿಸ್ಟರ್ ಇರುತ್ತದೆ, ಅದನ್ನು ನಾಶ ಮಾಡುವುದಿಲ್ಲ. ಒಬ್ಬೊಬ್ಬರಿಗೆ ಅದರಲ್ಲಿ ಸ್ವಲ್ಪವೇ ಜಾಗ: ನಂಬರು, ಹೆಸರು, ತಂದೆಯ ಹೆಸರು, ಊರು, ಭರ್ತಿಯಾದ ದಿನ, ಡಿಸ್ಚಾರ್ಜ್ ಆದ ದಿನ ಮತ್ತು ಕಾರಣ. ಜಬಲ್ಪುರದ ಸಿಗ್ನಲ್ಸ್ ರೆಕಾರ್ಡ್ಸ್‌ಗೆ ಮತ್ತೆ ಬರೆದು ‘ಲಾಂಗ್ ರೋಲ್‌ನಲ್ಲಿರುವ ನಮೂದಿನ ಪ್ರತಿ’ ಎಂದೇ ಕೇಳಿ. ‘ದಾಖಲೆ ಕೊಡಿ’ ಎಂದು ಕೇಳಿದವರಿಗೆ ನಾಶವಾಗಿದೆ ಎಂಬ ಉತ್ತರವೇ ಬರುವುದು.

ಪೂರ್ವಿ ಸ್ಟಾರ್ ಪೂರ್ವ ರಂಗದಲ್ಲಿದ್ದವರಿಗೆ, ಪಶ್ಚಿಮಿ ಸ್ಟಾರ್ ಪಶ್ಚಿಮದಲ್ಲಿದ್ದವರಿಗೆ. ಸಂಗ್ರಾಮ್ ಮೆಡಲ್‌ನ ವ್ಯಾಪ್ತಿ ಇನ್ನೂ ದೊಡ್ಡದು, ಹಾಗಾಗಿ ಅದು ಇದ್ದ ಮಾತ್ರಕ್ಕೆ ತಂದೆಯವರು ಪೂರ್ವದಲ್ಲಿದ್ದರು ಎಂದು ಸಿದ್ಧವಾಗುವುದಿಲ್ಲ. ಯೂನಿಟ್ ಆಗ ಎಲ್ಲಿತ್ತು ಎಂಬುದು ಮುಖ್ಯ. ಮನೆಯಲ್ಲಿ ಹಳೆಯ ಇನ್‌ಲ್ಯಾಂಡ್ ಲೆಟರ್, ಮನಿಯಾರ್ಡರ್ ಚೂರು ಏನಾದರೂ ಇದ್ದರೆ ಅದರ ಮೇಲೆ ಯೂನಿಟ್ ಹೆಸರು, ‘56 ಎಪಿಒ’ ಅಥವಾ ‘99 ಎಪಿಒ’ ಎಂಬ ಸೈನ್ಯದ ಅಂಚೆ ವಿಳಾಸ ಹುಡುಕಿ. 99 ಬಳಸುತ್ತಿದ್ದದ್ದು ಪೂರ್ವದ ಕಡೆಯ ಯೂನಿಟ್‌ಗಳು. ಇಷ್ಟು ವರ್ಷದ ಮೇಲೆ ಪದಕ ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳಲಾರೆ, ಆದರೆ ಯೂನಿಟ್ ಹೆಸರಿಲ್ಲದೆ ಕೇಳಿದರೆ ಸಿಗುವುದಿಲ್ಲ ಎಂದು ಹೇಳಬಲ್ಲೆ.

ಪ್ರಶ್ನೆ: ಮೆಡಿಕಲ್ ಬೋರ್ಡ್ ನನ್ನ ಅಂಗವೈಕಲ್ಯ ಶೇ 15ರಿಂದ 19 ಎಂದು ಬರೆದಿದೆ. ಕ್ಯಾರೆಕ್ಟರ್ ‘ಗುಡ್’ ಎಂದಿದೆ, ‘ಎಕ್ಸೆಂಪ್ಲರಿ’ ಆಗಬೇಕಿತ್ತು. ಎರಡನ್ನೂ ಕ್ಲರಿಕಲ್ ತಪ್ಪು ಎಂದು ಅರ್ಜಿ ಹಾಕಬಹುದೇ?
— ಚಿಂತಾಮಣಿ

ಉತ್ತರ: ಬೇಡ. ಒಂದನ್ನು ಡಾಕ್ಟರುಗಳು ನೋಡಿ ತೀರ್ಮಾನಿಸಿದ್ದು, ಇನ್ನೊಂದನ್ನು ಕಮಾಂಡಿಂಗ್ ಆಫೀಸರ್. ಕ್ಲರ್ಕ್ ಅದನ್ನು ಸರಿಯಾಗಿಯೇ ಬರೆದಿದ್ದಾನೆ, ನಿಮಗೆ ಒಪ್ಪಿಗೆಯಿಲ್ಲ ಅಷ್ಟೇ. ವೈಕಲ್ಯದ ವಿಷಯಕ್ಕೆ ಮೊದಲ ಮೇಲ್ಮನವಿ, ಎರಡನೇ ಮೇಲ್ಮನವಿ, ಆಮೇಲೆ ನ್ಯಾಯಮಂಡಳಿ ಎಂಬ ಪ್ರತ್ಯೇಕ ಹಾದಿಯಿದೆ. ಬೋರ್ಡಿನ ವರದಿಯ ಪ್ರತಿ ತೆಗೆದುಕೊಂಡು ಆ ಹಾದಿ ಹಿಡಿಯಿರಿ. ವರದಿಯಲ್ಲಿ ಶೇ 20 ಇದ್ದು ಪಿಪಿಒಗೆ ಬರುವಾಗ 19 ಆಗಿದ್ದರೆ ಮಾತ್ರ ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ರೆಕಾರ್ಡ್ ಆಫೀಸಿಗೆ ಡಿಸ್ಚಾರ್ಜ್ ಬುಕ್‌ನ ಮೂಲವನ್ನೇ ಕಳಿಸಬೇಕೇ? ಅದರಲ್ಲಿ ನಮ್ಮಣ್ಣ ಒಂದು ತಪ್ಪನ್ನು ಪೆನ್ನಿನಲ್ಲಿ ತಿದ್ದಿಬಿಟ್ಟಿದ್ದಾನೆ.
— ಮುಧೋಳ

ಉತ್ತರ: ಮೊದಲ ಸಲಕ್ಕೆ ಮೂಲ ಕಳಿಸಬೇಡಿ, ದೃಢೀಕೃತ ಪ್ರತಿ ಸಾಕು. ಅವರೇ ಬರೆದು ಕೇಳಿದರೆ ಎಲ್ಲ ಪುಟಗಳನ್ನೂ ಸ್ಕ್ಯಾನ್ ಮಾಡಿಸಿಟ್ಟುಕೊಂಡು, ಅವರ ಪತ್ರದ ನಂಬರು ನಮೂದಿಸಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಹತ್ತಿರವಿದ್ದರೆ ಸ್ವತಃ ಒಯ್ದು ಕೊಟ್ಟು ಸ್ವೀಕೃತಿ ಪಡೆಯಿರಿ.

ಅಣ್ಣನ ಪೆನ್ನಿನ ಕೆಲಸ ಕಷ್ಟ ತಂದಿದೆ. ಸೈನ್ಯದ ದಾಖಲೆಯಲ್ಲಿ ತಿದ್ದುಪಡಿ ಎಂದರೆ ಹಳೆಯದರ ಮೇಲೆ ಒಂದೇ ಗೆರೆ, ಕೆಳಗಿರುವುದು ಓದಲು ಬರುವಂತೆ, ಪಕ್ಕದಲ್ಲಿ ಅಧಿಕಾರಿಯ ಸಹಿ ಮೊಹರು. ಬೇರೆ ಕೈಬರಹ ಕಂಡರೆ ಅವರು ಪುಸ್ತಕವನ್ನೇ ಅನುಮಾನಿಸುತ್ತಾರೆ. ಬಿಳಿ ಶಾಯಿ ಬಳಿದು ಮುಚ್ಚಲು ಹೋಗಬೇಡಿ. ‘ಮನೆಯವರು ತಿಳಿಯದೆ ತಿದ್ದಿದ್ದಾರೆ, ಇಂಥ ಪುಟ, ಇಂಥ ಸಾಲು’ ಎಂದು ಅರ್ಜಿಯ ಮೊದಲ ಪ್ಯಾರಾದಲ್ಲೇ ಬರೆದುಬಿಡಿ. ಅವರ ಶೀಟ್ ರೋಲ್ ಹೇಗೂ ಅವರ ಹತ್ತಿರವೇ ಇದೆ, ಹೋಲಿಸಿ ನೋಡುತ್ತಾರೆ. ಪುಸ್ತಕವನ್ನು ಅಣ್ಣನ ಕೈಗೆ ಸಿಗದ ಕಡೆ ಇಡಿ.